ಕಡೇ ನುಡಿಯ ಹೆಸರು

ಕುಬಟೂರಿನ ಗುಡ್ಡಪ್ಪ ಕೂತು ಪದ ಕಟ್ಟಿದವನಲ್ಲ, ನಡೆದು ಕಟ್ಟಿದವನು. ಬೆಳಿಗ್ಗೆ ರೊಟ್ಟಿ ಗಂಟನ್ನು ಹೆಗಲಿಗೆ ಹಾಕಿ ಕುರಿ ಹೊಡೆದುಕೊಂಡು ಹೊರಟನೆಂದರೆ, ಸಂಜೆ ಮಂದೆ ಹಟ್ಟಿಗೆ ಕೂಡುವ ಹೊತ್ತಿಗೆ ಎರಡು ನುಡಿಯಾದರೂ ಅವನ ನಾಲಿಗೆಯ ಮೇಲೆ ಕೂತಿರುತ್ತಿದ್ದವು. ಸಾಲಿಗೆ ಎಂಟು ಹೆಜ್ಜೆ. ಎಂಟಕ್ಕೆ ಮುಗಿಯದ ಸಾಲು ಅವನ ಪಾಲಿಗೆ ಕುಂಟು ಕುರಿ. ಅದನ್ನು ಅಲ್ಲೇ ನಿಂತು ಸರಿಮಾಡದೆ ಮುಂದಕ್ಕೆ ಕಾಲು ಎತ್ತುತ್ತಿರಲಿಲ್ಲ. ಅಷ್ಟರಲ್ಲಿ ನಿಜವಾದ ಕುರಿಗಳು ಯಾರದೋ ಅವರೆ ಹೊಲಕ್ಕೆ ನುಗ್ಗಿರುತ್ತಿದ್ದವು. ನಮ್ಮೂರಲ್ಲಿ ಅವನು ತಿಂದಷ್ಟು ಬೈಗುಳವನ್ನು ಬೇರೆ ಯಾವ ಕುರಿಗಾಹಿಯೂ ತಿಂದಿಲ್ಲ. ಹೆಚ್ಚು ಬೈಗುಳ ಬಿದ್ದ ದಿನ ಒಳ್ಳೆಯ ಪದ ಹುಟ್ಟಿದೆ ಅಂತ ನಾವು ಲೆಕ್ಕ ಹಾಕುತ್ತಿದ್ದೆವು.

ಈಗಿನವರಿಗೆ ಡೊಳ್ಳು ಅಂದರೆ ಮೆರವಣಿಗೆಯ ಮುಂದೆ ಧಡಧಡ ಬಡಿಯುವುದು, ಒಬ್ಬರ ಹೆಗಲ ಮೇಲೆ ಇನ್ನೊಬ್ಬರು ಹತ್ತಿ ಗೋಪುರ ಕಟ್ಟುವುದು. ನಮ್ಮ ಕಾಲಕ್ಕೆ ಡೊಳ್ಳಿಗೆ ಬಾಯಿಯೂ ಇತ್ತು. ಬಡಿತ ನಿಧಾನಕ್ಕೆ ಇಳಿದಾಗ ಒಬ್ಬ ಪದ ಎತ್ತುವನು, ಉಳಿದವರು ಹಿಂದಿನಿಂದ ದನಿಗೂಡಿಸುವರು. ಗುಡ್ಡಪ್ಪ ಅಂಥ ನಲವತ್ತೊಂದು ಪದ ಕಟ್ಟಿದ್ದ. ಕಳೆದುಹೋದ ಮರಿಯ ಮೇಲೆ ಒಂದು, ಕೋಡಿ ಬಿದ್ದ ಕೆರೆಯ ಮೇಲೆ ಒಂದು, ಹೆಂಡತಿ ಹೂವಮ್ಮನ ಮುನಿಸಿನ ಮೇಲೆ ಮೂರು.

*ಮಂದೇಯ ಎಣಿಸೀದೆ, ಮರಿಯೊಂದು ಇಲ್ಲ,*
*ಮರಡೀಯ ಮ್ಯಾಲೆಲ್ಲ ಮೋಡಾವೆ ಎಲ್ಲ.*

ಇದನ್ನು ಸೊರಬದಿಂದ ಶಿಕಾರಿಪುರದವರೆಗೆ ಹಾಡದ ಮೇಳವಿಲ್ಲ. ಕಟ್ಟಿದವನು ಯಾರೆಂದು ಕೇಳಿದರೆ ಮಾತ್ರ ಎಲ್ಲರೂ ಒಂದೇ ಬಾಯಲ್ಲಿ ಹೇಳುತ್ತಿದ್ದರು: ಬಳ್ಳಿಗಾವಿಯ ಕೆಂಪಪ್ಪ.

ಹಾಗೆ ಹೇಳುವುದರಲ್ಲಿ ಅವರ ತಪ್ಪೇನೂ ಇರಲಿಲ್ಲ. ಡೊಳ್ಳಿನ ಪದಕ್ಕೆ ಒಂದು ಕಟ್ಟಳೆಯಿದೆ. ಕಡೇ ನುಡಿಯಲ್ಲಿ, ಅಂದರೆ ಪದ ಮುಗಿಸುವ ಸಾಲುಗಳಲ್ಲಿ, ಊರಿನ ಹೆಸರು, ದೇವರ ಹೆಸರು, ಆಮೇಲೆ ಒಬ್ಬ ಮನುಷ್ಯನ ಹೆಸರು ಬರಬೇಕು. ಆ ಮನುಷ್ಯ ಪದ ಕಟ್ಟಿದವನಲ್ಲ, ಕಟ್ಟಿದವನಿಗೆ ಕಲಿಸಿದವನು. ತನ್ನ ಹೆಸರನ್ನು ತಾನೇ ಹಾಡುವುದು ತನ್ನ ಬೆನ್ನನ್ನು ತಾನೇ ತಟ್ಟಿಕೊಂಡಂತೆ. ಗುಡ್ಡಪ್ಪನಿಗೆ ಹದಿನಾರು ತುಂಬಿದಾಗ ಬಳ್ಳಿಗಾವಿಯ ಕೆಂಪಪ್ಪ ತನ್ನ ಡೊಳ್ಳನ್ನು ಅವನ ಹೆಗಲಿಗೆ ಹಾಕಿ, "ನೀ ನನ್ನ ಹೆಸರು ಹಾಡು. ನಿನ್ನ ಹೆಸರನ್ನ ನಿನ್ ಹಿಂದೆ ಬರಾನು ಹಾಡ್ತಾನೆ" ಅಂದಿದ್ದನಂತೆ. ಅಂದಿನಿಂದ ಪ್ರತಿ ಪದವೂ ಹೀಗೇ ಮುಗಿಯುತ್ತಿತ್ತು:

*ಊರು ಕುಬಟೂರು, ದೇವರು ಬೀರಯ್ಯ,*
*ಡೊಳ್ಳು ಹೆಗಲಿಗಿಟ್ಟ ಕೆಂಪಪ್ಪ ನಮ್ಮಯ್ಯ.*

ತೊಡಕಾದದ್ದು ಎಲ್ಲಿ ಅಂದರೆ, ಗುಡ್ಡಪ್ಪನ ಹಿಂದೆ ಯಾರೂ ಬರಲಿಲ್ಲ. ಮೇಳದ ಹುಡುಗರಿಗೆ ಬಡಿತ ಬೇಕಿತ್ತು, ಪದ ಬೇಕಿರಲಿಲ್ಲ. ಇದ್ದೊಬ್ಬ ಮಗ ಯತೀಶ ಒಳ್ಳೆಯ ದುಡಿಮೆಗಾರ, ಆದರೆ ಅವನ ಕೈಗೆ ತಾಳ ಕೊಟ್ಟರೆ ಎಡಗೈಯದು ಆನವಟ್ಟಿಗೆ, ಬಲಗೈಯದು ಶಿರಾಳಕೊಪ್ಪಕ್ಕೆ ಹೋಗುತ್ತಿತ್ತು. ವರ್ಷಗಳು ಸರಿದವು. ಎಪ್ಪತ್ತೆಂಟಕ್ಕೆ ಗುಡ್ಡಪ್ಪನ ದನಿ ಒಡೆಯಿತು, ನಡುವೆ ನಡುವೆ ಸಾಲು ಮರೆಯತೊಡಗಿತು. ಅವನು ಹೋದರೆ ಪದಗಳೇನೋ ಉಳಿಯುತ್ತಿದ್ದವು. ಅವನ ಹೆಸರು ಮಾತ್ರ ಯಾವ ಪದದಲ್ಲೂ ಇರುತ್ತಿರಲಿಲ್ಲ. ಇದು ಅವನಿಗೆ ಗೊತ್ತಿತ್ತು. ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಅಷ್ಟೆ.

ಹೂವಮ್ಮ ಹೇಳುತ್ತಿದ್ದಳು. ಕ್ಯಾಸೆಟ್ಟಿನ ಕಾಲದ ಒಂದು ಕತೆಯನ್ನಂತೂ ಬಂದವರಿಗೆಲ್ಲ ಹೇಳುತ್ತಿದ್ದಳು. ಗಂಡಹೆಂಡತಿ ಇಬ್ಬರೂ ಶಿಕಾರಿಪುರದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಡ್ರೈವರ್ ಹಾಕಿದ ಕ್ಯಾಸೆಟ್ಟಿನಲ್ಲಿ ಯಾವುದೋ ಮೇಳ ಕಳೆದುಹೋದ ಮರಿಯ ಪದ ಹಾಡತೊಡಗಿತು. ಗುಡ್ಡಪ್ಪ ಸೀಟಿನಿಂದ ಎದ್ದು ನಿಂತ.

"ಇದು ನಂದು" ಅಂದ ಕಂಡಕ್ಟರಿಗೆ.

"ಯಾವ್ದು, ಆ ಚೀಲಾನಾ? ಅದಕ್ಕೆ ಲಗೇಜ್ ಆಗ್ತತಿ."

"ಚೀಲ ಅಲ್ಲ, ಪದ. ನಾ ಕಟ್ಟಿದ್ದು."

ಕಂಡಕ್ಟರ್ ಕ್ಯಾಸೆಟ್ಟಿನ ಡಬ್ಬಿ ತಂದು ಕಣ್ಣು ಕಿರಿದು ಮಾಡಿ ಓದಿದ. "ಸಾಹಿತ್ಯ, ಜನಪದ ಅಂತ ಐತಿ ನೋಡಣ್ಣ. ಜನಪದ ಅಂದ್ರೆ ಯಾರ್ದೂ ಅಲ್ಲ ಅಂತ. ಕುಂತ್ಕೊ, ತಿರುವು ಬಂತು."

ಆ ಮೇಳದವರು ಕಡೇ ನುಡಿಯನ್ನೇ ಕತ್ತರಿಸಿದ್ದರು. ಕೆಂಪಪ್ಪನ ಹೆಸರೂ ಇಲ್ಲದ ಪದ ಕೇಳಿ ಗುಡ್ಡಪ್ಪ ಬಸ್ಸಿಳಿದು ಹಟ್ಟಿಯ ತನಕ ಕಣ್ಣು ಒರೆಸಿಕೊಳ್ಳುತ್ತಲೇ ನಡೆದನಂತೆ. "ಆವತ್ತು ಇವರು ಅತ್ತಿದ್ದು ತಮ್ಮ ಹೆಸರಿಗಲ್ಲ, ಆ ಬಳ್ಳಿಗಾವಿಯೋರ ಹೆಸರಿಗೆ. ಇಂಥೋರ ಜತೆ ಬಾಳ್ವೆ ಮಾಡೀನಿ ನಾನು" ಎಂದು ಹೂವಮ್ಮ ಕತೆ ಮುಗಿಸುತ್ತಿದ್ದಳು.

ಮೂರು ವರ್ಷದ ಹಿಂದೆ ಶಿಕಾರಿಪುರದ ಕಾಲೇಜಿನಲ್ಲಿ ಕನ್ನಡ ಕಲಿಸುವ ರೇಣುಕಾಪ್ರಸಾದ್ ಎಂಬ ಮೇಷ್ಟ್ರು ಗುಡ್ಡಪ್ಪನನ್ನು ಹುಡುಕಿಕೊಂಡು ಬಂದರು. ಕೆಂಪಪ್ಪನ ಪದಗಳ ಪುಸ್ತಕ ಮಾಡಬೇಕೆಂದು ಬಳ್ಳಿಗಾವಿಗೆ ಹೋಗಿದ್ದರಂತೆ. ಕೆಂಪಪ್ಪನ ಮೊಮ್ಮಗ ಪ್ರಾಮಾಣಿಕ ಮನುಷ್ಯ. "ನಮ್ಮಜ್ಜ ಡೊಳ್ಳು ಬಾರಿಸ್ತಿದ್ದ, ಕಲಿಸ್ತಿದ್ದ. ಪದ ಕಟ್ಟಿದ್ದು ಕುಬಟೂರಿನ ಗುಡ್ಡಪ್ಪಜ್ಜ. ಅವರಿಗೆ ಕೇಳ್ರಿ" ಎಂದು ಕಳಿಸಿದ್ದ.

ಮೇಷ್ಟ್ರು ಒಳ್ಳೆಯವರು, ವ್ಯಾಪಾರಸ್ಥರ ಮನೆಯ ಹುಡುಗ, ಮಾತು ಮೆತ್ತಗೆ. ಆದರೆ ಓದಿದವರು ಮೊದಲ ದಿನ ಮಾಡುವ ತಪ್ಪನ್ನೇ ಅವರೂ ಮಾಡಿದರು. ಗುಡ್ಡಪ್ಪನನ್ನು ಕುರ್ಚಿಯಲ್ಲಿ ಕೂರಿಸಿ, ಮುಂದೆ ಮೊಬೈಲ್ ಇಟ್ಟು, "ಹೇಳ್ರಿ ಅಜ್ಜಾರ" ಅಂದರು. ಗುಡ್ಡಪ್ಪ ಎರಡನೇ ನುಡಿಗೆ ನಿಂತುಬಿಟ್ಟ. ಬೆವರು ಒರೆಸಿಕೊಂಡ.

"ಮರೆತು ಹೋತೇನ್ರೀ?"

"ಮರೆತಿಲ್ಲ ಮೇಷ್ಟ್ರೆ. ಕಾಲು ಆಡ್ತಿಲ್ಲ."

ಮೇಷ್ಟ್ರು ಹನ್ನೊಂದು ದಿನ ರಜೆಯಲ್ಲಿ ಬಂದು ಕುರಿಯ ಹಿಂದೆ ಗುಡ್ಡಪ್ಪನ ಪಕ್ಕ ನಡೆದರು. ಎರಡನೇ ದಿನಕ್ಕೆ ಚಪ್ಪಲಿ ಕಿತ್ತುಹೋಯಿತು, ನಾಲ್ಕನೇ ದಿನಕ್ಕೆ ಟಗರೊಂದು ಅವರ ಚೀಲದಲ್ಲಿದ್ದ ಹಾಳೆ ತಿಂದಿತು. ಕಡೆಗೆ ನಲವತ್ತೊಂದೂ ಪದ ಮೊಬೈಲಿಗೆ ಸೇರಿದವು. ಇನ್ನು ಅಚ್ಚಿಗೆ ಮುಂಚೆ ಕರಡು ಕಳಿಸುತ್ತೇನೆ, ತಪ್ಪಿದ್ದರೆ ಹೇಳಿ ಅಂದು ಹೋದರು.

ಕರಡು ಬಂದಾಗ ಓದಿ ಹೇಳುವ ಕೆಲಸ ಸೊಸೆ ಪ್ರಮೀಳಾಳ ಪಾಲಿಗೆ ಬಿತ್ತು. ಶಿಕಾರಿಪುರ ಕಡೆಯ ಹೆಣ್ಣು, ಪಿಯುಸಿ ಓದಿದ್ದಳು. ಊರಿನ ಸಂಘದ ಹೆಂಗಸರು ಕಟ್ಟಿದ ಡೊಳ್ಳಿನ ಮೇಳದಲ್ಲಿ ಬಡಿಯುತ್ತಿದ್ದಳು. ಆದರೆ ಸುಮ್ಮನೆ ಓದಿದರೆ ಗುಡ್ಡಪ್ಪನಿಗೆ ತನ್ನ ಪದವೇ ಗುರುತು ಸಿಗಲಿಲ್ಲ. "ಇದು ಪಂಚಾಯ್ತಿ ನೋಟೀಸು ಓದಿದಂಗಾತು" ಅಂದ. ಅವಳು ಬಚ್ಚಲಿನ ಬಕೀಟು ತಂದು ಬೋರಲು ಹಾಕಿ, ಒಂದು ಕೈಯಲ್ಲಿ ಹಾಳೆ ಹಿಡಿದು ಇನ್ನೊಂದು ಕೈಯಲ್ಲಿ ಬಡಿಯುತ್ತ ಓದಿದಳು. ಆಗ ಮುದುಕನ ಮುಖ ಅರಳಿತು. ಬಡಿತ ತಪ್ಪಿದಲ್ಲೆಲ್ಲ ತಡೆದ, ತಿದ್ದಿದ, ಮತ್ತೆ ಬಾರಿಸಿದ. ಒಂದೂವರೆ ತಿಂಗಳು ದಿನಾ ಮಧ್ಯಾಹ್ನ ಆ ಮನೆಯ ಜಗಲಿಯಿಂದ ಬಕೀಟಿನ ಸದ್ದು.

"ಬಕೀಟು ಒಡೀರಿ. ಆಮೇಲೆ ನೀರನ್ನ ಪದದಾಗೆ ತುಂಬಿಕೊಂಡು ಬರ್ತೀರಂತೆ" ಎಂದು ಹೂವಮ್ಮ ಒಳಗಿನಿಂದ ಗೊಣಗುತ್ತಿದ್ದಳು.

ಇದನ್ನೆಲ್ಲ ನನಗೆ ಹೇಳಿದವಳು ಪ್ರಮೀಳಾಳೇ. ಕಡೇ ನುಡಿ ಎಲ್ಲ ಪದಕ್ಕೂ ಒಂದೇ ಎಂದು ಅದನ್ನು ಓದದೆ ಬಿಟ್ಟು ಬಂದಿದ್ದರು; ನಲವತ್ತೊಂದೂ ಮುಗಿದ ದಿನ ಅದನ್ನೂ ಓದಿಬಿಡೋಣವೆಂದು ಮೊದಲ ಪದಕ್ಕೆ ತಿರುಗಿದಾಗ ಅವಳ ಕೈ ನಿಂತಿತಂತೆ. ಹಾಳೆಯಲ್ಲಿ ಹೀಗಿತ್ತು: *ಡೊಳ್ಳು ಹೆಗಲಿಗಿಟ್ಟ ಗುಡ್ಡಪ್ಪ ನಮ್ಮಯ್ಯ.*

ತಿರುವಿ ನೋಡಿದಳು. ನಲವತ್ತೊಂದರಲ್ಲೂ ಹಾಗೇ. ಕಟ್ಟಿದವರ ಹೆಸರು ಕಡೇ ನುಡಿಯಲ್ಲಿ ಇರಬೇಕಲ್ಲವೇ, ಹಾಡುತ್ತ ಹಾಡುತ್ತ ಜನ ಬದಲಿಸಿದ್ದಾರೆ ಎಂದುಕೊಂಡು ಮೇಷ್ಟ್ರು ನ್ಯಾಯ ಮಾಡಿದ್ದರು. ಎರಡು ಹೆಸರೂ ಒಂದೇ ಅಳತೆ. ಕೆಂಪಪ್ಪನನ್ನು ತೆಗೆದು ಗುಡ್ಡಪ್ಪನನ್ನು ಇಟ್ಟರೆ ಎಂಟು ಹೆಜ್ಜೆಗೆ ಕೂದಲೆಳೆಯಷ್ಟೂ ಭಂಗವಿಲ್ಲ.

ಹೂವಮ್ಮ ಒದ್ದೆ ಕೈಯಲ್ಲೇ ಹೊರಗೆ ಬಂದಳು. "ಹಂಗೇ ಇರ್ಲಿ. ಅರವತ್ತು ವರ್ಷ ಬ್ಯಾರೇರ ಹೆಸರು ಕೂಗಿದ್ದು ಸಾಲ್ದಾ? ದೇವರೇ ಆ ಮೇಷ್ಟ್ರ ಕೈಲಿ ಬರೆಸ್ಯಾನೆ."

ಗುಡ್ಡಪ್ಪ "ಇನ್ನೊಂದ್ಸಲ ಓದು" ಅಂದ. ಪ್ರಮೀಳಾ ಓದಿದಳು. "ಇನ್ನೊಂದ್ಸಲ" ಅಂದ. ಮೂರನೇ ಸಲಕ್ಕೆ ಎದ್ದು ಹಟ್ಟಿಯ ಕಡೆ ಹೋದ.

ಮೂರು ದಿನ ಆ ಮಾತೆತ್ತಲಿಲ್ಲ. ಮೇಷ್ಟ್ರು ಎರಡು ಸಲ ಫೋನು ಮಾಡಿದರು, ಬರುವ ಸೋಮವಾರ ಅಚ್ಚಿಗೆ ಹೋಗಬೇಕು ಅಂದರು. ಗುಡ್ಡಪ್ಪ ಎರಡು ಸಲವೂ ಫೋನನ್ನು ಸೊಸೆಯ ಕೈಗೆ ಕೊಟ್ಟು ಕುರಿಯ ಕಡೆ ಹೋದ. ಊಟಕ್ಕೆ ಕೂತರೆ ತುತ್ತು ಕೈಯಲ್ಲೇ ಉಳಿಯುತ್ತಿತ್ತು. ನಾಲ್ಕನೇ ದಿನ ಮಧ್ಯಾಹ್ನ ಪ್ರಮೀಳಾ ರೊಟ್ಟಿ ತೆಗೆದುಕೊಂಡು ಕೈಟಭೇಶ್ವರ ಗುಡಿಯ ಹಿಂದಿನ ಬಯಲಿಗೆ ಹೋದಳು. ಕುರಿಗಳು ಮೇಯುತ್ತಿದ್ದವು. ಮಾವ ಕೋಲೂರಿ ನಿಂತಿದ್ದ.

"ಸರಿ ಅಂತ ಹೇಳಿಬಿಡ್ಲಾ ಮಾವ, ಮೇಷ್ಟ್ರಿಗೆ?"

"ನಾನೊಂದು ಕಳ್ಳತನ ಮಾಡೀನಿ ಪ್ರಮೀಳಾ" ಅಂದ ಗುಡ್ಡಪ್ಪ.

ಅವಳು ರೊಟ್ಟಿ ಗಂಟನ್ನು ನೆಲಕ್ಕಿಟ್ಟು ಹತ್ತಿರ ಬಂದಳು.

"ಕೆಂಪಪ್ಪಯ್ಯ ತೀರಿಕೊಂಡ ವರ್ಷ. ಇದೇ ಬಯಲು. ಯಾರೂ ಇಲ್ಲ, ಕುರಿ ಬಿಟ್ರೆ. ಒಂದು ಸಲ ನೋಡಾಣ ಅಂತ ಕಡೇ ನುಡಿಗೆ ನನ್ನ ಹೆಸರು ಹಾಕಿ ಹಾಡ್ದೆ. ಕುಂತಿತು. ಎಷ್ಟು ಚೆಂದ ಕುಂತಿತು ಗೊತ್ತಾ. ಚೆಂದ ಕುಂತಿದ್ದಕ್ಕೇ ಹೆದರಿಕೆ ಆಗಿ, ಹಿಂದೆ ಯಾರಾದ್ರೂ ಇದಾರಾ ಅಂತ ತಿರುಗಿ ನೋಡ್ದೆ."

"ಅದರಾಗೆ ಕಳ್ಳತನ ಏನ್ ಬಂತು? ಪದ ನಿಮ್ದೇ ಅಲ್ವಾ?"

"ಪದ ನಂದು. ಹೆಗಲಿಗೆ ಡೊಳ್ಳು ಇಟ್ಟಿದ್ದು ನಾನಾ? ಈ ಮೂರು ದಿನ ಮನಸ್ಸು ಹಂಗೇ ಅಚ್ಚಾಗ್ಲಿ, ಅಚ್ಚಾಗ್ಲಿ ಅಂತಿತ್ತು. ಉಂಡ ಮನೆಯ ಗಳ ಎಣಿಸಾ ಬುದ್ಧಿ ಅದು. ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಾಣ. ನೀನೂ ಬಾ, ಕಾಗದ ಓದಾಕೆ ನನಗೆ ಬರಲ್ಲ."

ಹೂವಮ್ಮನಿಗೆ ತಿಳಿದಾಗ ಮಾಡಿದ ಗಲಾಟೆಯನ್ನು ಇಲ್ಲಿ ಬರೆಯುವುದಿಲ್ಲ. ನಾಲ್ಕು ಮನೆ ಆಚೆಗಿದ್ದ ನನಗೂ ಕೇಳಿಸಿತು ಅಂದರೆ ಸಾಕು.

ಶಿಕಾರಿಪುರದಲ್ಲಿ ಮೇಷ್ಟ್ರು ಇಬ್ಬರಿಗೂ ಚಹಾ ತರಿಸಿದರು. ಮಾತು ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ತಪ್ಪು ನಂದೇರೀ, ಕೇಳದೆ ಮಾಡಿಬಿಟ್ಟೆ ಎಂದು ಒಪ್ಪಿಕೊಂಡರು. ಆದರೂ ಅವರ ಮನಸ್ಸು ಒಪ್ಪಲಿಲ್ಲ.

"ಅಜ್ಜಾರ, ಮೊದಲಿನಂಗ ಮಾಡಿದ್ರ ಜನ ಇದನ್ನ ಮತ್ತ ಕೆಂಪಪ್ಪನ ಪದ ಅಂತಾರ್ರೀ."

"ಅನ್ಲಿ."

"ಪುಸ್ತಕದ ಮ್ಯಾಲೆ ನಿಮ್ಮ ಹೆಸರು ಹಾಕ್ತೀನಿ. ಅದಕ್ಕ ಬ್ಯಾಡ ಅನ್ನಬ್ಯಾಡ್ರಿ."

"ಪುಸ್ತಕ ನಿಮ್ದು, ಅದರ ಹಣೆ ಮ್ಯಾಲೆ ಏನಾದ್ರೂ ಬರ್ಕೊಳಿ ಮೇಷ್ಟ್ರೆ. ಪದದ ಒಳಗೆ ಕೈ ಹಾಕಬ್ಯಾಡ್ರಿ."

ಪ್ರಮೀಳಾ ಮೇಷ್ಟ್ರ ಪಕ್ಕ ಕೂತು ನಲವತ್ತೊಂದು ಕಡೆ ಗುಡ್ಡಪ್ಪ ಎಂದಿದ್ದುದನ್ನು ಹೊಡೆದು ಕೆಂಪಪ್ಪ ಎಂದು ಕೆಂಪು ಪೆನ್ನಿನಲ್ಲಿ ಬರೆದಳು.

ವಾಪಸು ಬರುವಾಗ ಶಿರಾಳಕೊಪ್ಪ ದಾಟಿದ ಮೇಲೆ ಅವಳು ಕೇಳಿದಳು: "ನಿಮ್ಮ ಹೆಸರು ಯಾರು ಹಾಡಾದು ಮಾವ, ಹಂಗಾದ್ರೆ?"

ಗುಡ್ಡಪ್ಪ ಕಿಟಕಿಯ ಆಚೆ ಮೆಕ್ಕೆಜೋಳದ ಹೊಲ ನೋಡುತ್ತಿದ್ದ. "ಕಲಿತೋರು" ಅಂದ.

"ಕಲಿತೋರು ಯಾರು?"

"ಅದೇ ಮತ್ತೆ" ಎಂದು ಕಂಬಳಿ ಸರಿಮಾಡಿಕೊಂಡ.

ಕೇಳಿದವಳು ಯಾರು, ಒಂದೂವರೆ ತಿಂಗಳು ತನ್ನೆದುರು ಕೂತು ನಲವತ್ತೊಂದು ಪದದ ಬಡಿತ ತಿದ್ದಿಸಿಕೊಂಡವಳು ಯಾರು ಅನ್ನುವುದು ಆ ಮನುಷ್ಯನಿಗೆ ಹೊಳೆಯಲೇ ಇಲ್ಲ. ಅವನ ಲೆಕ್ಕದಲ್ಲಿ ಅದು ಕಾಗದ ಓದಿದ್ದು. ಡೊಳ್ಳು ಹೆಗಲಿಗೆ ಬಿದ್ದರೆ ಮಾತ್ರ ಕಲಿತದ್ದು. ಬಕೀಟಿಗೆ ಹೆಗಲೆಲ್ಲಿ?

ಆ ತಿಂಗಳ ಕೊನೆಗೆ ಯತೀಶ ಒಂದು ಹೆಣ್ಣು ಕುರಿಯನ್ನು ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಸಂತೆಗೆ ಹೊರಟ. ಪ್ರಮೀಳಾ ಹಿಂದೆ ಕುರಿಯ ಜತೆ ಕೂತಿದ್ದಳು. ದಾರಿಯಲ್ಲೇ ಅದು ಮರಿ ಹಾಕಿತು. ದಿನ ತುಂಬಿದ್ದನ್ನು ಯಾರೂ ಗಮನಿಸಿರಲಿಲ್ಲ. ಹಸಿ ಬಾಣಂತಿಯನ್ನು ಮಾರುವುದುಂಟೇ ಎಂದು ಆಟೋ ತಿರುಗಿಸಿಕೊಂಡು ಬಂದರು. ಎರಡು ದಿನ ಬಿಟ್ಟು ಪ್ರಮೀಳಾ ಮಧ್ಯಾಹ್ನ ಬಕೀಟು ತಂದು ಜಗಲಿಯಲ್ಲಿ ಬೋರಲು ಹಾಕಿದಳು.

"ಕರಡು ಮುಗೀತಲ್ಲೆ?" ಅಂದ ಗುಡ್ಡಪ್ಪ.

"ಒಂದು ಉಳಿದಿತ್ತು ಮಾವ. ಕೇಳ್ರಿ."

*ಮಾರಾಕೆ ಹೊಂಟಾಗ ಮರಿ ಹಾಕಿತವ್ವ,*
*ಮಾರಾದ ಬಿಟ್ಟು ನಾವ್ ಮನೆಗೆ ಬಂದೇವ.*

ಗುಡ್ಡಪ್ಪ ಮೊದಲ ನುಡಿಗೆ ಕತ್ತು ಎತ್ತಿದ. ಇದು ತನ್ನದಲ್ಲ. ಎರಡನೇ ನುಡಿಗೆ ಕಾಲ ಹೆಬ್ಬೆರಳು ನೆಲಕ್ಕೆ ತಟ್ಟತೊಡಗಿತು. ಹೂವಮ್ಮ ಅಡುಗೆ ಮನೆಯ ಬಾಗಿಲಿಗೆ ಬಂದು ಸೌಟು ಹಿಡಿದು ನಿಂತಳು. ಐದನೆಯದು ಕಡೇ ನುಡಿ. ಪ್ರಮೀಳಾ ಒಂದು ಸಲ ಉಸಿರು ಎಳೆದುಕೊಂಡು ಹಾಡಿದಳು:

*ಊರು ಕುಬಟೂರು, ದೇವರು ಬೀರಯ್ಯ,*
*ಸೀಮೆಗೆಲ್ಲ ಸಿಂಹದಂಥ ಶೂರ ನಮ್ಮ ಗುಡ್ಡಪ್ಪಯ್ಯ.*

ಹೂವಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಗುಡ್ಡಪ್ಪನ ಹುಬ್ಬು ಮಾತ್ರ ಗಂಟಾಗಿತ್ತು.

"ಕುಂಟ್ತತೆ" ಅಂದ.

"ಏನು?"

"ಎರಡನೇ ಸಾಲು. ಎಂಟು ಹೆಜ್ಜೆ ಮುಗಿದ ಮ್ಯಾಲೂ ಬಾಲ ಉಳೀತತೆ. ಮತ್ತೆ ಸಿಂಹ ಯಾಕೆ ತಂದೆ? ಸಿಂಹ ಬಂದ್ರೆ ಕುರಿ ಉಳೀತಾವಾ?"

"ನಿಮ್ಮನ್ನ ಹೊಗಳಾದು ಬ್ಯಾಡ್ವಾ ಮಾವ?"

"ಹೊಗಳಿಕೆ ತೆಗಿ, ಕುರಿ ಹಾಕು. ಆ ಮನುಷ್ಯ ಜೀವಮಾನ ಏನು ಮಾಡ್ದ? ಅದನ್ನ ಹೇಳು."

ಆ ಮನುಷ್ಯ ತಾನೇ ಅನ್ನುವುದು ಅವನಿಗೆ ಮರೆತೇ ಹೋಗಿತ್ತು. ಕುಂಟುವ ಸಾಲು ಕಣ್ಣೆದುರು ಬಂದರೆ ಅವನಿಗೆ ಲೋಕವೇ ಮರೆಯುತ್ತಿತ್ತು. ಕೋಲು ತೆಗೆದುಕೊಂಡು ಎದ್ದ. "ಕುಂತ್ರೆ ಆಗಲ್ಲ, ಬಾ" ಅಂದ. ಮಾವ ಮುಂದೆ, ಸೊಸೆ ಹಿಂದೆ, ಅಂಗಳದಲ್ಲಿ ಈ ಗೋಡೆಯಿಂದ ಆ ಗೋಡೆಗೆ ನಡೆದರು. ಅವಳೊಂದು ಸಾಲು ಹೇಳುವಳು, ಅವನು ಹೆಜ್ಜೆ ಹಾಕಿ ನೋಡಿ ತಲೆಯಾಡಿಸುವನು. ಒಂದು ಮಾತನ್ನೂ ಅವನಾಗಿ ಕೊಡಲಿಲ್ಲ. ಸಂಜೆ ಬಿಸಿಲು ಹೆಂಚಿನ ಮೇಲೆ ಬರುವ ಹೊತ್ತಿಗೆ ಆ ಒಂದರ ಜಾಗದಲ್ಲಿ ಎರಡು ಸಾಲು ಕೂತವು:

*ಕುರಿಯ ಬೆನ್ನ ಹಿಂದೆ ಪದವ ನಡೆಸ್ಯಾನ,*
*ಗುಡ್ಡಪ್ಪ ಕಲಿಸ್ಯಾನ, ಕಲಿತೋರು ಹಾಡ್ಯಾರ.*

"ಹ್ಞಾ, ಈಗ ಎರಡೂ ಎಂಟಕ್ಕೆ ನಿಂತ್ವು" ಎಂದು ಗುಡ್ಡಪ್ಪ ತಿರುಗಿದ. ತಿರುಗಿದವನು ಅಲ್ಲೇ ನಿಂತ. ಈಗ ಅವನಿಗೆ ಅರ್ಥವಾಗಿತ್ತು.

"ಯಾರ್ ಹೆಸರು ಅದು?" ಅಂದ, ದನಿ ಇಳಿಸಿ.

"ಕಲಿಸಿದೋರ ಹೆಸರು ಹಾಕಬೇಕು ಅಂದಿದ್ದು ನೀವೇ. ನಾ ಕಲಿತಿದ್ದು ಯಾರ ಹತ್ರ? ಬಕೀಟಿನ ಹತ್ರಾನಾ?"

ಗುಡ್ಡಪ್ಪ ಕೋಲನ್ನು ಗೋಡೆಗೆ ಒರಗಿಸಿದ. ಒಳಗೆ ಹೋಗಿ ಅಟ್ಟದಿಂದ ಡೊಳ್ಳು ಇಳಿಸಲು ಹೋದ. ಕೈಗೆ ಎಟುಕಲಿಲ್ಲ. ಹೂವಮ್ಮ ಬೈಯುತ್ತಲೇ ಮಣೆ ತಂದು ಹಾಕಿ, ತಾನೂ ಒಂದು ಕಡೆ ಹಿಡಿದು ಇಳಿಸಿದಳು. ಧೂಳು ಒರೆಸಿದಳು. ಮೇಳದ ಡೊಳ್ಳನ್ನು ಪ್ರಮೀಳಾ ಎಷ್ಟೋ ಸಲ ತಾನೇ ಎತ್ತಿ ಹೆಗಲಿಗೆ ಹಾಕಿಕೊಂಡಿದ್ದಳು. ಈ ಸಲ ಸುಮ್ಮನೆ ತಲೆ ತಗ್ಗಿಸಿ ನಿಂತಳು. ಗುಡ್ಡಪ್ಪ ಹಗ್ಗವನ್ನು ಅವಳ ಹೆಗಲಿಗೆ ಹಾಕಿ, ಗಂಟು ಬಿಗಿಯಾಯಿತೇ ಎಂದು ಎರಡು ಸಲ ಎಳೆದು ನೋಡಿದ.

"ಭಾರ ಐತಾ?"

"ಐತೆ ಮಾವ."

"ಇರ್ಬೇಕು" ಅಂದ.

ಸೊಸೆಯ ಪದವನ್ನೂ ಸೇರಿಸಬೇಕೆಂದು ಮೇಷ್ಟ್ರು ಅಚ್ಚು ತಡೆದಿದ್ದರಿಂದ ಪುಸ್ತಕ ಒಂದು ತಿಂಗಳು ತಡವಾಗಿ ಬಂತು. ಅದರಲ್ಲಿ ನಲವತ್ತೆರಡು ಪದಗಳಿವೆ. ನಲವತ್ತೊಂದು ಕೆಂಪಪ್ಪನ ಹೆಸರಿಗೆ ಮುಗಿಯುತ್ತವೆ, ನಲವತ್ತೆರಡನೆಯದು ಗುಡ್ಡಪ್ಪನ ಹೆಸರಿಗೆ. ಕಾಲೇಜಿನ ಅಂಗಳದಲ್ಲಿ ಅದನ್ನು ಬಿಡುಗಡೆ ಮಾಡಿದ ದಿನ ಪ್ರಮೀಳಾ ಪದ ಎತ್ತಿದಳು, ನಮ್ಮೂರಿನ ಹದಿನಾಲ್ಕು ಹೆಂಗಸರು ದನಿಗೂಡಿಸಿದರು. ಬಳ್ಳಿಗಾವಿಯಿಂದ ಕೆಂಪಪ್ಪನ ಮೊಮ್ಮಗನೂ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದ. ಗುಡ್ಡಪ್ಪನನ್ನು ಮಾತಾಡಲು ಕರೆದಾಗ ಎದ್ದು, "ಮೂರನೇ ನುಡಿಗೆ ಬಡಿತ ಓಡಿತು, ನಿಧಾನ ಮಾಡ್ರಿ" ಎಂದಷ್ಟೇ ಹೇಳಿ ಕೂತ. ಈಗ ಸಂಘದ ಹೆಂಗಸರಲ್ಲಿ ಇನ್ನಿಬ್ಬರು ಪ್ರಮೀಳಾಳ ಬೆನ್ನು ಬಿದ್ದಿದ್ದಾರೆ. ಒಬ್ಬಳು ಗ್ಯಾಸ್ ಸಿಲಿಂಡರಿನ ಮೇಲೊಂದು ಪದ ಕಟ್ಟುತ್ತಿದ್ದಾಳಂತೆ. ಕಟ್ಟಲಿ.

ಗುಡ್ಡಪ್ಪನಿಗೆ ಈಗ ಎಂಬತ್ತೊಂದು. ದೂರ ಹೋಗುವುದಿಲ್ಲ, ಆರೇಳು ಕುರಿ ಹೊಡೆದುಕೊಂಡು ಗುಡಿಯ ಹಿಂದಿನ ಬಯಲಿನಲ್ಲಿ ಒಂದು ಸುತ್ತು ಹಾಕಿ ಬರುತ್ತಾನೆ. ಮೊನ್ನೆ ನಾನು ಆ ದಾರಿಯಲ್ಲಿ ಬರುವಾಗ ಅವನು ಸೊಸೆಯ ಪದವನ್ನು ಮೆಲ್ಲಗೆ ಹೇಳಿಕೊಂಡು ನಡೆಯುತ್ತಿದ್ದ. ಆಟೋದಲ್ಲಿ ಕುರಿ ಮರಿ ಹಾಕಿದ್ದು, ದಾರಿ ಮಧ್ಯೆ ತಿರುಗಿದ್ದು, ಮನೆಗೆ ಬಂದದ್ದು ಎಲ್ಲ ಹಾಡಿದ. ಊರಿನ ಹೆಸರು ಹೇಳಿದ, ದೇವರ ಹೆಸರು ಹೇಳಿದ. ಅಲ್ಲಿಗೆ ಬಾಯಿ ಮುಚ್ಚಿದ. ಉಳಿದ ಎರಡು ಸಾಲಿನ ಹೆಜ್ಜೆಗಳನ್ನು ಮಾತಿಲ್ಲದೆ, ಕೋಲನ್ನು ಮಾತ್ರ ನೆಲಕ್ಕೆ ತಟ್ಟುತ್ತ, ಒಂದೂ ಬಿಡದೆ ನಡೆದು ಮುಗಿಸಿ, ಮತ್ತೆ ಮೊದಲಿನಿಂದ ಎತ್ತಿಕೊಂಡ.